ಹಳೇ ವಿಳಾಸ ಅಳಿಸಿದ ಮಧ್ಯಾಹ್ನ

ನನ್ನ ಮೊಮ್ಮಗಳು ಪಾವಗಡದ ಒಂದು ಕಾಲೇಜಿನಲ್ಲಿ ಇಂಟರ್ನೆಟ್ ನೋಡಿಕೊಳ್ಳುತ್ತಾಳೆ. ಗುತ್ತಿಗೆ ಕೆಲಸ. ಕಂಪ್ಯೂಟರುಗಳ ಹಳೇ ವಿಳಾಸಗಳು ಸಾಲದೆ ಹೋಗಿ ಈಗ ಹೊಸ ನಮೂನೆಯವು ಬಂದಿವೆಯಂತೆ. ಹಳೇದನ್ನು ಅಳಿಸಿ ಹೊಸದು ಹಾಕುವುದನ್ನು ಕೈಯಾರೆ ಮಾಡಿಸಿ ಕಲಿಸುವ ತರಬೇತಿ ಮಧುಗಿರಿಯಲ್ಲಿ ನಡೆಯಿತು. ಸರ್ಟಿಫಿಕೇಟು ತಂದರೆ ಮಾತ್ರ ಗುತ್ತಿಗೆ ಮುಂದುವರಿಯುತ್ತದೆ ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು. ಅವಳ ಕೂಸು ಬಾಟಲಿ ಮುಟ್ಟುವುದಿಲ್ಲ. ಅದಕ್ಕೇ ನಾನೂ ಹೋಗಿ, ವರಾಂಡದಲ್ಲಿ ಕೂಸನ್ನು ಹಿಡಿದು ಕೂತೆ.

ಕೊನೆಯ ದಿನ ಮಧ್ಯಾಹ್ನ ಕೂಸು ರಂಪ ಹಿಡಿಯಿತು. ಅವಳು ಬಂದು ಹಾಲು ಕೊಟ್ಟು ಅವಸರದಲ್ಲಿ ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು.

"ಕೆಟ್ಟೆ ಕಣಜ್ಜಿ. ಕಲಿಯೋ ಮಿಷಿನ್ನು ಅನ್ಕಂಡು ನಮ್ಮ ಕಾಲೇಜ್ ಮಿಷಿನ್ ಹಳೇ ವಿಳಾಸ ಅಳಿಸ್ಬುಟ್ಟೆ."

ಕಾಲೇಜಿನವರು ಫೋನಿನಲ್ಲಿ ಏನೋ ಕೇಳಿದ್ದಕ್ಕೆ ಅಲ್ಲಿನ ಮಿಷಿನ್ನನ್ನೂ ಬೆಳಿಗ್ಗೆ ಇಲ್ಲಿಂದಲೇ ಪರದೆಯ ಮೇಲೆ ತೆರೆದಿದ್ದಳಂತೆ. ಎರಡೂ ಒಂದೇ ಥರ ಕಾಣುತ್ತವಂತೆ.

"ಅಳಿಸಿದ್ರೆ ತಿರ್ಗ ಬರಿ. ಅದಕ್ಯಾಕೆ ಇಂಗಾಡ್ತೀಯ?"

"ಆ ವಿಳಾಸ ಹಿಡ್ಕಂಡೇ ಒಳಕ್ಕೆ ಹೋಗಿದ್ದು. ಕೀಲಿ ಒಳಗೇ ಬುಟ್ಟು ಬಾಗ್ಲು ಎಳ್ಕಂಡಂಗಾಯ್ತು."

"ಅಲ್ಲಿರೋರಿಗೆ ಆಫ್ ಮಾಡಿ ಆನ್ ಮಾಡಕ್ಕೆ ಹೇಳು."

"ಮಾಡ್ಸಿದೆ. ಸೇವ್ ಮಾಡಿ, ಸೇವ್ ಮಾಡಿ ಅಂತ ಇಲ್ಲಿ ಬಾಯಿಪಾಠ ಮಾಡ್ಸವ್ರೆ. ಅದನ್ನೂ ಮಾಡ್ಬುಟ್ಟಿದ್ದೆ. ಆನ್ ಮಾಡುದ್ರೂ ಹಳೇದು ಬರಾಕಿಲ್ಲ."

ಯಾರಾದರೂ ಹೋಗಿ ಆ ಮಿಷಿನ್ನಿಗೇ ತಂತಿ ಚುಚ್ಚಿ ಸರಿಮಾಡಬೇಕು. ಅಲ್ಲಿ ಆ ಕೆಲಸ ಬರುವವಳು ಇವಳೊಬ್ಬಳೇ. ಕಾಲೇಜಿಗೆಲ್ಲ ಇಂಟರ್ನೆಟ್ ನಿಂತುಹೋಗಿತ್ತು; ಹುಡುಗರು ಅದರಲ್ಲೇ ಪರೀಕ್ಷೆಗೆ ಅರ್ಜಿ ತುಂಬಲು ಅವತ್ತೇ ಕಡೇ ದಿನ. ಇಲ್ಲೂ ಸಂಜೆ ಪರೀಕ್ಷೆ, ಕೂರದಿದ್ದರೆ ಸರ್ಟಿಫಿಕೇಟು ಇಲ್ಲ. ಕಲಿಸುವ ಮೇಷ್ಟ್ರು ಹೊರಗೆ ಬಂದು, ಮುಗಿಸಿಕೊಂಡೇ ಹೋಗಮ್ಮ ಎಂದರು.

"ಅಲ್ಲಿ ಏನೋ ಕರೆಂಟ್ ತೊಂದ್ರೆ ಅಂತ ಫೋನ್ ಮಾಡ್ಬುಡು. ನಿನ್ನ ಹೊಟ್ಟೆಪಾಡು ನೋಡ್ಕ," ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ನಾಚಿಕೆಯೇನೂ ಇಲ್ಲ.

"ಆ ಹುಡುಗ್ರ ವರ್ಷ ಹೋಯ್ತದೆ, ಸುಮ್ಕಿರಜ್ಜಿ," ಎಂದು ಬ್ಯಾಗು ಎತ್ತಿಕೊಂಡಳು.

ಪಾವಗಡದ ಬಸ್ಸು ಹತ್ತಿದೆವು. ದಾರಿಯಲ್ಲಿ ಮಿಡಿಗೇಶಿಯಲ್ಲಿ ಟೀ ಕುಡಿಯಲು ಇಳಿದ ಡ್ರೈವರನಿಗೆ ನನ್ನ ಬಾಯಿಂದ ಚೆನ್ನಾಗಿಯೇ ಬೈಗುಳ ಬಿತ್ತು. ಕಾಲೇಜಿನ ಗೇಟಿನಲ್ಲೇ ಅಟೆಂಡರು, "ರಾ ತಲ್ಲಿ, ಬಾ ತಾಯಿ, ಎಲ್ರೂ ನಿನ್ನೇ ಕಾಯ್ತಾವ್ರೆ," ಎಂದ. ಅವಳು ನೆಲದ ಮೇಲೆ ಕೂತು, ತಂತಿ ಚುಚ್ಚಿ, ಏನೇನೋ ಒತ್ತಿದಳು. ಒಳಗಿನಿಂದ ಹುಡುಗರು "ಬಂತು, ಬಂತು" ಎಂದು ಕೂಗಿದರು.

ಪ್ರಿನ್ಸಿಪಾಲರ ಮುಂದೆ ನಿಂತು, ತಪ್ಪು ನನ್ನದೇ ಸಾರ್ ಎಂದಳು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಸರ್ಟಿಫಿಕೇಟು?" ಎಂದರು.

"ಇಲ್ಲ ಸಾರ್."

ಅವರು ತಮ್ಮ ಫೋನು ನೋಡತೊಡಗಿದರು.

ಗುತ್ತಿಗೆ ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಸರ್ಟಿಫಿಕೇಟು ಇರುವ ಇನ್ಯಾರನ್ನೋ ಕರೆಸಿ ಮಾತಾಡಿಸಿದ್ದಾರೆ ಎಂದು ಸಂತೆಯಲ್ಲಿ ಸಿಕ್ಕ ಅಟೆಂಡರು ನನಗೆ ಹೇಳಿದ. ನಾನು ಅವಳಿಗೆ ಹೇಳಿಲ್ಲ. ಇವತ್ತೂ ಕೆಲಸಕ್ಕೆ ಹೋಗಿದ್ದಾಳೆ.