ಇಳಿಸದ ಬುಟ್ಟಿ

ನಾನು ಜಗಳೂರು ಕಡೆಯವಳು. ಅಲ್ಲಿ ನೀರು ದೂರ, ದಾರಿ ನೇರ. ತಲೆಯ ಮೇಲೆ ಕೊಡವಿಟ್ಟು ಎರಡೂ ಕೈ ಬೀಸಿಕೊಂಡು ನಡೆದು ಬೆಳೆದವಳು. ತ್ಯಾವಣಿಗೆ ಹತ್ತಿರದ ನಾಲೆ ನೀರಿನ ಊರಿಗೆ ಹಿರೀ ಸೊಸೆಯಾಗಿ ಬಂದ ವರ್ಷವೇ ಭೂಮಿ ಹುಣ್ಣಿಮೆಯ ಬುಟ್ಟಿ ನನ್ನ ತಲೆಗೆ ಬಂತು. ತೆನೆ ಒಳಗಿಟ್ಟುಕೊಂಡು ಹೊಡೆ ತುಂಬಿದ ಭತ್ತ ಬಸುರಿ ಇದ್ದ ಹಾಗೆ. ಅದಕ್ಕೆ ಅಡುಗೆ ಒಯ್ಯುವ ಬುಟ್ಟಿಯನ್ನು ಗದ್ದೆ ಮುಟ್ಟುವವರೆಗೆ ಎಲ್ಲೂ ಇಳಿಸಬಾರದು. ಮನೆಯಲ್ಲಿ ಹೊರಿಸುವುದೂ ಗದ್ದೆಯಲ್ಲಿ ಇಳಿಸುವುದೂ ಅತ್ತೆಯ ಕೈ. ಬುಟ್ಟಿ ಹೊತ್ತವಳೇ ಮುಂದೆ ಆ ಮನೆಯ ಯಜಮಾನಿ. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಜ್ವರ ಬಂದು ಕಿವಿ ಸೋರಿತು. ಜ್ವರ ಬಿಟ್ಟರೂ ನೆಲ ನಿಲ್ಲಲಿಲ್ಲ. ಗೋಡೆ ಹಿಡಿದು ನಡೆಯುತ್ತಿದ್ದೆ. ಅದಕ್ಕಿಂತ ಕೆಟ್ಟದ್ದು, ದಾರಿ ತಪ್ಪುತ್ತಿತ್ತು. ನಮ್ಮ ಗದ್ದೆಗೆ ಹೊರಟವಳು ಬದುವಿನ ಮೂಲೆಯಲ್ಲಿ ಎಡವೋ ಬಲವೋ ತಿಳಿಯದೆ ಯಾರದೋ ಗದ್ದೆಯಲ್ಲಿ ನಿಂತಿರುತ್ತಿದ್ದೆ.

“ಏನಕ್ಕಾ, ಬೆಳಿಗ್ಗೇನೇ ಕುಡ್ದೀಯಾ ಹೆಂಗೆ?” ಎಂದಳು ವಾರಗಿತ್ತಿ.

“ನಿನ್ ಗಂಡ ಬಿಟ್ರೆ ತಾನೇ ನಂಗೆ ಉಳಿಯಾದು.”

ಅತ್ತೆ ನಗಲಿಲ್ಲ. “ಈ ಸಲ ಬುಟ್ಟಿ ಚಿಕ್ಕಾಕೆ ಹೊರ್ಲಿ. ನೀನು ಒಲೆ ಮುಂದೆ ಕುಂತ್ಕ.”

ಗಂಡ ನನ್ನನ್ನು ಚನ್ನಗಿರಿಯ ಡಾಕ್ಟರ ಹತ್ತಿರ ಕರೆದೊಯ್ದ. ಅವರು ಕಿವಿ ನೋಡಿ ಹೇಳಿದರು: “ಮೈ ತೂಕ ಹಿಡಿಯಾದು ಕಿವಿ ಒಳಗೈತ್ರಿ. ಅದು ಪೆಟ್ಟು ತಿಂದೈತೆ. ಮಲಗಿದ್ರೆ ಹಿಂಗೇ ಇರ್ತೀರಿ. ಕಷ್ಟ ಆದ್ರೂ ನಡೀರಿ. ಕಾಲು, ಕಣ್ಣು ಹೇಳಿದ್ದು ಕೇಳ್ಕೊಂಡು ಮೆದುಳು ಹೊಸದಾಗಿ ಕಲಿತೈತೆ.”

“ದಾರೀನೂ ಕಲಿತೈತಾ?”

“ತಲೆ ಎತ್ಲಾಗೆ ತಿರುಗೈತೆ ಅಂತ ಗೊತ್ತಾದ್ರೆ ದಾರೀನೂ ಗೊತ್ತಾಗ್ತೈತೆ.”

ಹಿತ್ತಲಲ್ಲಿ ಮುರಿದ ಗಾಡಿಯ ಮೂಕಿ ಬಿದ್ದಿತ್ತು, ಪಾದದಗಲದ ಉದ್ದನೆಯ ಮರ. ಅದರ ಮೇಲೆ ನಡೆಯಲು ಶುರು ಮಾಡಿದೆ. ಮೊದಮೊದಲು ಗೋಡೆ ಹಿಡಿದು, ಆಮೇಲೆ ಬಿಟ್ಟು, ಆಮೇಲೆ ಅತ್ತಿತ್ತ ಕತ್ತು ತಿರುಗಿಸುತ್ತ. ಬಿದ್ದೆ, ಎದ್ದೆ. ತಲೆಯ ಮೇಲೆ ನೀರಿನ ಕೊಡ ಇಟ್ಟೆ. ಸೀರೆ ನೆನೆಯುವುದು ಬರಬರುತ್ತ ಕಮ್ಮಿಯಾಯಿತು. ಒಂದು ದಿನ ಮೂಕಿಯ ಮೇಲೆಯೇ ಕಣ್ಣು ಮುಚ್ಚಿ, ಬಾವಿ ಎಲ್ಲಿ, ಕೊಟ್ಟಿಗೆ ಎಲ್ಲಿ ಎಂದು ಬೆರಳು ತೋರಿಸಿದೆ. ಕಣ್ಣು ಬಿಟ್ಟರೆ ಎರಡೂ ಬೆರಳ ತುದಿಯಲ್ಲೇ ಇದ್ದವು. ಅವತ್ತಿನಿಂದ ಬದುಗಳೆಲ್ಲ ತಲೆಯೊಳಗೆ ಚಾಪೆ ಹಾಸಿದ ಹಾಗೆ ಬಿಚ್ಚಿಕೊಂಡವು.

ಹುಣ್ಣಿಮೆಯ ಬೆಳಿಗ್ಗೆ ಅತ್ತೆ ಬುಟ್ಟಿ ಎತ್ತಿ ವಾರಗಿತ್ತಿಯ ಕಡೆ ತಿರುಗಿದಳು. ನಾನು ಬಟ್ಟೆ ಸುತ್ತಿ ತಲೆಗೆ ಸಿಂಬಿ ಇಟ್ಟುಕೊಂಡು ನಡುವೆ ನಿಂತೆ.

“ಬಿದ್ರೆ?” ಎಂದಳು ಅತ್ತೆ.

“ಬಿದ್ರೆ ತೌರಿಗೆ ಕಳ್ಸ್ರಿ.”

“ನಾನು ಹೊರ್ಸಲ್ಲ,” ಎಂದು ಬುಟ್ಟಿ ಕಟ್ಟೆಯ ಮೇಲಿಟ್ಟಳು. ಗಂಡ ಬಂದು ಹೊರಿಸಿದ.

“ಇಳಿಸಾದು ಮಾತ್ರ ನೀವೇ,” ಎಂದು ಅತ್ತೆಗೆ ಹೇಳಿ ಹೊರಟೆ.

ರಾತ್ರಿ ನಾಲೆ ನೀರು ನುಗ್ಗಿ ನಾವು ದಿನಾ ಓಡಾಡುವ ಬದು ಕಿತ್ತುಹೋಗಿತ್ತು. ಎಲ್ಲರೂ ನಿಂತರು. “ವಾಪಸ್ ಹೋಗಾಣ,” ಎಂದಳು ವಾರಗಿತ್ತಿ. ಬುಟ್ಟಿ ಹೊತ್ತವರು ವಾಪಸ್ ಹೋಗುವುದೆಲ್ಲಿ ಬಂತು. ಕಣ್ಣು ಮುಚ್ಚಿದೆ. ನಾಲೆಯ ದಂಡೆ, ತೂಬಿನ ಗೋಡೆ, ಅದರಾಚೆ ನಮ್ಮ ಗದ್ದೆಯ ಹಿಂಬದಿ, ಎಲ್ಲ ಕಂಡಿತು. ಆ ಗೋಡೆ ಮೂಕಿಗಿಂತ ಅಗಲವೇನಲ್ಲ. ಕೆಳಗೆ ನೀರು ಜೋರಾಗಿ ಹರಿಯುತ್ತಿತ್ತು. ಬುಟ್ಟಿಗೆ ಕೈ ಕೊಡದೆ ದಾಟಿದೆ. ಉಳಿದವರು ಸೀರೆ, ಪಂಚೆ ಎತ್ತಿಕಟ್ಟಿಕೊಂಡು ಕೆಸರಿನಲ್ಲಿ ಸುತ್ತಿ ಬಂದರು.

ಗಂಡ ಬುಟ್ಟಿ ಇಳಿಸಲು ಕೈ ಚಾಚಿದ. ಬೇಡವೆಂದೆ. ಬದುವಿನ ಮೇಲೆ ನಿಂತೇ ಇದ್ದೆ. ಕೊನೆಗೆ ಮೊಣಕಾಲ ತನಕ ಕೆಸರಾದ ಅತ್ತೆ ಬಂದಳು. ಕೆಸರು ತಾಗದ ನನ್ನ ಪಾದ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಎತ್ತಿದಳು.

“ಕತ್ತು ಗಟ್ಟಿ ಐತೆ ನಿಂದು.”

“ಕಾಲೂ ಗಟ್ಟಿ ಅದಾವ್ರಿ.”

ಬುಟ್ಟಿ ಇಳಿಸಿದಳು. ಮುಂದಿನ ವರ್ಷದ ಹುಣ್ಣಿಮೆಗೆ ಯಾರು ಹೊರಬೇಕೆಂಬ ಮಾತೇ ಏಳಲಿಲ್ಲ. ನಾನು ಸಿಂಬಿ ಸುತ್ತುವುದರೊಳಗೆ ಅತ್ತೆ ಬುಟ್ಟಿ ಎತ್ತಿಕೊಂಡು ನನ್ನ ಮುಂದೆ ನಿಂತಿದ್ದಳು.