ಅಜ್ಜನ ಕಣ್ಣು, ನನ್ನ ಕಣ್ಣು

ಬಸ್ ಡ್ರೈವರ್ ನೌಕರಿಗೆ ನಾನು ನಾಲಾಯಕ್ಕು ಎಂದು ರಾಯಚೂರಿನ ಡಾಕ್ಟರು ಬರೆದುಕೊಟ್ಟ ದಿನ ನಮ್ಮವ್ವ ಸಂತೋಷದಿಂದ ಅತ್ತಳು. ಇದನ್ನು ಹೇಳಿದರೆ ಈಗಲೂ ಜನ ನಗುತ್ತಾರೆ. ನಗಲಿ.

ಅವ್ವನ ಅಪ್ಪ ದೇವದುರ್ಗದ ಕಡೆಯ ಕುರಿಗಾರ. ಊರಲ್ಲಿ ಅವನಿಗೆ ಕುರಿಗಳ್ಳನೆಂಬ ಹೆಸರು. ಒಮ್ಮೆ ಅವನೂ ನೆರೆಮನೆಯವನೂ ಒಂದೇ ಸಂತೆಯಲ್ಲಿ ಮರಿಗಳನ್ನು ಕೊಂಡು ಒಂದೇ ದೊಡ್ಡಿಯಲ್ಲಿ ಕೂಡಿಹಾಕಿದ್ದರು. ಹೊಸ ಮರಿಗಳು, ಮುಖಪರಿಚಯ ಇನ್ನೂ ಆಗಿರಲಿಲ್ಲ. ಬೆನ್ನಿನ ಬಣ್ಣವೇ ಗುರುತು. ಅಜ್ಜನದು ಕಾವಿ, ನೆರೆಮನೆಯವನದು ಹಸಿರು. ಬೆಳಿಗ್ಗೆ ಅಜ್ಜ ಹಸಿರು ಮರಿಗಳನ್ನೂ ಹೊಡೆದುಕೊಂಡು ಹೋಗಿದ್ದ, ಎಲ್ಲರ ಕಣ್ಣೆದುರೇ. ಮರಿಗಳು ವಾಪಸಾದವು, ಮಾನ ವಾಪಸಾಗಲಿಲ್ಲ. ಅವ್ವ ಮಾನ್ವಿಗೆ ಸೊಸೆಯಾಗಿ ಬಂದಾಗ ಆ ಮಾತೂ ಬೆನ್ನು ಹತ್ತಿ ಬಂತು. ಮನೆಯಲ್ಲಿ ಒಂದು ಲೋಟ ಕಾಣದಿದ್ದರೂ ಎಲ್ಲರೂ ಅವಳತ್ತ ನೋಡುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಡ್ರೈವರ್ ಪರೀಕ್ಷೆಗೆ ಹೋದೆ. ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು ಒಳಗಿನ ಅಂಕಿ ಓದು ಎಂದರು. ಅಂಕಿ ಎಲ್ಲಿ? ಚೇಷ್ಟೆ ಮಾಡುತ್ತಿದ್ದಾರೆಂದು ನನಗೆ ಸಿಟ್ಟೇ ಬಂತು. ಕೆಂಪು, ಹಸಿರು ನಿನಗೆ ಬೇರೆಬೇರೆ ಕಾಣುವುದಿಲ್ಲ ಎಂದವರೇ ಕೇಳಿದರು:

"ನಿಮ್ಮವ್ವನ ಅಪ್ಪಗೂ ಹಿಂಗ ಅದ ಏನು? ಇದು ವಂಶದಾಗ ಇಳಿದು ಬರ್ತದ. ಮಗಳ ಕಣ್ಣಿಗೆ ಏನೂ ಆಗಂಗಿಲ್ಲ, ಆಕಿ ಮಗನಿಗೆ ಬಂದ್ರೂ ಬಂತು."

ಎಷ್ಟೋ ಮನೆತನಗಳನ್ನು ತಲೆಮಾರುಗಟ್ಟಲೆ ನೋಡಿ ವಿಜ್ಞಾನಿಗಳು ಇದನ್ನು ಕಂಡುಹಿಡಿದಿದ್ದಾರೆ ಎಂದೂ ವಿವರಿಸಿದರು. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ: ಕಾವಿ, ಹಸಿರು.

ಮರುದಿನವೇ ಅವ್ವ ನನ್ನನ್ನು ಎಳೆದುಕೊಂಡು ತವರಿಗೆ ಹೋದಳು. ಅಜ್ಜನ ಕಣ್ಣಿಗೂ ಕಾವಿ, ಹಸಿರು ಒಂದೇ ಎಂದರೆ ನೆರೆಮನೆಯ ಮುದುಕ ನಂಬಲಿಲ್ಲ. ಅಜ್ಜ ಮೊಮ್ಮಗ ಕೂಡಿ ನಾಟಕ ಆಡುತ್ತಿದ್ದಾರೆ ಎಂದ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಸುಳ್ಳು ಹೇಳಾಕ ನನ್ನ ಮಗ ಸರಕಾರಿ ನೌಕರಿ ಬಿಟ್ಟು ಬರ್ತಾನೇನು, ಕಾಕಾ?"

ಕೊನೆಗೆ ಅವನೇ ಬಿಳಿ ಕಲ್ಲುಗಳಿಗೆ ಕಾವಿ, ಹಸಿರು ಬಳಿದು ತಂದ. ಕಟ್ಟೆಗೆ ಊರೇ ನೆರೆಯಿತು. ಅಜ್ಜ ಕಲ್ಲು ಬೇರ್ಪಡಿಸುವಾಗ ನನ್ನನ್ನು ಗೋಡೆಯ ಹಿಂದೆ ನಿಲ್ಲಿಸಿದರು. ಆಮೇಲೆ ನನ್ನ ಸರದಿ. ಅಜ್ಜ ಎಲ್ಲಿ ತಪ್ಪಿದ್ದನೋ ನಾನೂ ಅಲ್ಲೇ ತಪ್ಪಿದೆನಂತೆ. ಜನ ಹೋ ಎಂದರು. ಪರೀಕ್ಷೆಯೊಂದರಲ್ಲಿ ಫೇಲಾಗಿ ನಾನು ಅಷ್ಟು ಬೀಗಿದ್ದು ಅದೊಂದೇ ಸಲ.

ಮುದುಕ ಕಲ್ಲುಗಳನ್ನು ಬದಿಗೆ ಸರಿಸಿದ. ಆಮೇಲೆ ಅಜ್ಜನ ಕೈ ಹಿಡಿದು ತಪ್ಪಾಯಿತು ಎಂದ. ಅಜ್ಜ ಅವ್ವನ ಕಡೆ ತಿರುಗಿದ.

"ಎಲ್ಲಾರೂ ಅಂದು ಅಂದು, ಕದ್ದೀನೇನೋ ಅಂತ ನನಗೂ ಅನಿಸಿಬಿಟ್ಟಿತ್ತು, ಯವ್ವಾ."

ನಾನು ಮುಂದೆ ಕಂಡಕ್ಟರ್ ಆದೆ, ಓಡಿಸಲಾಗದ ಬಸ್ಸಿನಲ್ಲೇ ಊರೂರು ಸುತ್ತಿದೆ. ಮುದುಕರಿಬ್ಬರೂ ಸಂತೆಯ ಮರಿಗಳನ್ನು ಮತ್ತೆ ಒಂದೇ ದೊಡ್ಡಿಗೆ ಹಾಕಿದರು. ಅಜ್ಜನದು ಎಂದಿನಂತೆ ಕಾವಿ. ನೆರೆಮನೆಯವನು ಹಸಿರು ಬಿಟ್ಟು, ಅರಿವೆಗೆ ಹಾಕುವ ನೀಲಿಯನ್ನು ಕಲಸಿ ತನ್ನ ಮರಿಗಳಿಗೆ ಬಳಿದಿದ್ದ. ಆ ಬಣ್ಣ ಕಾಣುತ್ತದೆಯೇ ಎಂದು ಅಜ್ಜನನ್ನು ಮೊದಲೇ ಕೇಳಿಕೊಂಡಿದ್ದನಂತೆ.