ನೀರಿಗೆ ಬಿಡದ ಫ್ಲಾಪಿ

ತೊಂಬತ್ತರ ದಶಕದ ಕೊನೆಗೆ ನಾನು ಸಿಂಧನೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಸ್ವತಃ ಎರಡು ಬೆರಳಿನಲ್ಲಿ ಕುಟ್ಟುವವನು ಬೇರೆಯವರಿಗೆ ಹತ್ತು ಬೆರಳಿನ ಪಾಠ ಹೇಳುತ್ತಿದ್ದೆ; ನಾನು ಮಾಡಿದ ಮಿಮಿಕ್ರಿಗಳಲ್ಲಿ ಸಿಕ್ಕಿಬೀಳದೆ ನಡೆದದ್ದು ಅದೊಂದೇ. ಬಾಯಲ್ಲಿ ಅಡಿಕೆ ಇಟ್ಟುಕೊಂಡೇ ಮಾತಾಡುವ ಮಾಲಕರು, ಮಾತುಮಾತಿಗೂ ಕನ್ನಡಕ ಏರಿಸುವ ಕಂಪ್ಯೂಟರ್ ಸರ್, ಇಬ್ಬರೂ ನನ್ನ ಗಂಟಲಲ್ಲಿದ್ದರು. ಅವರಿಲ್ಲದಾಗ ಅವರ ಜಗಳವನ್ನು ನಾನೊಬ್ಬನೇ ಆಡಿ ತೋರಿಸುತ್ತಿದ್ದೆ.

ಆ ಜಗಳ ಶುರುವಾದದ್ದು ಮಸ್ಕಿಯ ದೊಡ್ಡಾಟದ ಮಾಸ್ತರಿಂದ. ನನ್ನೂರೂ ಅದೇ. ಚಿಕ್ಕವನಿದ್ದಾಗ ಅವರ ರಾಕ್ಷಸನ ನಗು ನಕ್ಕು ಓಣಿಯ ಹುಡುಗರ ಚಡ್ಡಿ ಒದ್ದೆ ಮಾಡಿಸಿದ್ದೆ. ಈಗ ಮಾಸ್ತರಿಗೆ ಮರೆವು ಹತ್ತಿತ್ತು. ಅವರಪ್ಪ ಕೈಯಾರೆ ಬರೆದ ಆಟವೊಂದಿತ್ತು, ಬೇರೆಲ್ಲೂ ಇಲ್ಲದ್ದು. ಪೂರ್ತಿ ಮರೆಯುವ ಮೊದಲು ಹೊಸ ಮೇಳಕ್ಕೆ ಕಲಿಸಬೇಕೆಂದು ಲಿಂಗಸುಗೂರಿನ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿ, ಪರದೆಯ ಮೇಲೆ ಓದಿ ತಿದ್ದಿಸಿ, ಪ್ರಿಂಟು ಆಮೇಲೆ ತೆಗೆಸಿದರಾಯಿತೆಂದು ಫ್ಲಾಪಿ ಇಸಕೊಂಡಿದ್ದರು.

ಅವರ ಮೇಳದಲ್ಲಿ ಆಟದ ಪುಸ್ತಕ ಹಳತಾದರೆ ಹೊಸ ಪ್ರತಿ ಬರೆದು, ಹಳೆಯದನ್ನು ಹರಿಯುವ ನೀರಿಗೆ ಬಿಡುವ ಪದ್ಧತಿ. ಗಣಪತಿ ಸ್ತುತಿ ಇರುವ ಕಾಗದ ರದ್ದಿಗೆ ಬೀಳಬಾರದು. ಮಾಸ್ತರೂ ಗೊರೇಬಾಳದ ಹತ್ತಿರ ಕಾಲುವೆಗೆ ಅಪ್ಪನ ಪುಸ್ತಕ ಬಿಟ್ಟು ಕೈಮುಗಿದು ಬಂದರು. ಹೊಸ ಪ್ರತಿ ಜೇಬಿನಲ್ಲಿತ್ತಲ್ಲ.

ಅಷ್ಟರಲ್ಲಿ ಲಿಂಗಸುಗೂರಿನ ಅಂಗಡಿ ಮುಚ್ಚಿತು. ಆಟ ಟೈಪು ಮಾಡಿದ ಕನ್ನಡ ಪ್ಯಾಕೇಜು ಒಂದು ಕಂಪನಿಯದು; ಅದರ ಫೈಲು ಬೇರೆ ಪ್ರೋಗ್ರಾಮಿನಲ್ಲಿ ತೆರೆಯುತ್ತಿರಲಿಲ್ಲ. ಕಂಪ್ಯೂಟರಿನ ಬೆನ್ನಿಗೆ ಚುಚ್ಚುವ ಲಾಕ್ ಇದ್ದರಷ್ಟೇ ನಡೆಯುವಂಥದ್ದು. ಅಂಗಡಿಯವನು ಲಾಕ್ ಸಮೇತ ಊರು ಬಿಟ್ಟಿದ್ದ.

ಮಾಸ್ತರು ನಮ್ಮಲ್ಲಿಗೆ ಬಂದರು. ಸರ್ ನಮ್ಮ ಎರಡೂ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದರು. ಅದು ಮುಕ್ತ ತಂತ್ರಾಂಶ; ಯಾರು ಬೇಕಾದರೂ ಹಂಚಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಪ್ಯಾಕೇಜಿನ ಕಂಪನಿ ತನ್ನ ಫೈಲುಗಳನ್ನು ಬರೀ ನೋಡಲಿಕ್ಕೆ ಒಂದು ಪ್ರೋಗ್ರಾಮು ಪುಕ್ಕಟೆ ಕೊಡುತ್ತಿತ್ತು; ಪ್ರಿಂಟಿಲ್ಲ, ತಿದ್ದುವಂತಿಲ್ಲ. ಅದನ್ನು ಲಿನಕ್ಸಿನಲ್ಲಿ ನಡೆಸುವ ದಾರಿ ಸರ್‌ಗೆ ಗೊತ್ತಿತ್ತು. ಮನಸ್ಸಿರಲಿಲ್ಲ.

"ಕಿಟಕಿ ಕೊಟ್ಟು ಬಾಗಲಕ್ಕ ಕೀಲಿ ಹಾಕ್ತಾರ್ರೀ ಅವ್ರು," ಎಂದರು ಸರ್. "ಇವತ್ತ ಅದಕ್ಕ ಜಾಗಾ ಕೊಟ್ರ ನಾಳೆ ಎಲ್ಲಾರೂ ಕೀಲಿ ಹಾಕಿದ ಫೈಲನ ಮಾಡ್ಕೋತ ಹೋಗ್ತಾರ. ಆ ಫೈಲ್ ಬಿಚ್ಚೋ ಪ್ರೋಗ್ರಾಮ್ ನಾನ ಬರ್ಯಾಕತ್ತೀನಿ. ತಡೀರಿ."

"ಬಾಗಲಾ ಆಮ್ಯಾಲೆ ಒಡೀರಿ ಸಾರ್," ಮಾಲಕರು ಅಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿದರು. "ಈ ಮನಷ್ಯಾ ಕಿಟಕ್ಯಾಗಿಂದರ ಇಣಿಕಿ ನೋಡ್ಲಿ. ಓದಿ ಬರಕೋತಾರ."

"ನಿಮ್ಮ ಮಾತು ಮುಗಸ್ಕೋರಿ ಯಪ್ಪಾ. ಮುಂದಿನ ಸೋಮಾರ ಬರ್ತೀನಿ," ಎಂದು ಮಾಸ್ತರು ಎದ್ದರು. ಫ್ಲಾಪಿ ಇಟ್ಟು ಹೋಗಿರಿ, ಒಳಗೆ ಕಾಪಿ ಮಾಡಿಕೊಳ್ಳುತ್ತೇನೆ ಎಂದೆ. "ಬ್ಯಾಡ ತಮ್ಮಾ. ಬಿಚ್ಚತೈತಿ ಅಂತ ಗ್ಯಾರಂಟಿ ಆದಮ್ಯಾಗ ಕೊಡ್ತೀನಿ."

ಹೀಗೆ ಎಷ್ಟೋ ಸೋಮವಾರ ಹೋದವು. ನಾನು ಇಬ್ಬರ ದನಿಯಲ್ಲೂ ವಾದ ಮಾಡಿ ಟೈಪಿಂಗ್ ಕ್ಲಾಸನ್ನು ನಗಿಸುತ್ತಿದ್ದೆ. ಸರ್ ದನಿ ತೆಗೆದಾಗ ಸರ್ ಹೇಳುವುದೇ ಖರೆ ಅನ್ನಿಸುತ್ತಿತ್ತು. ಅಡಿಕೆ ಬಾಯಿಗೆ ಬಂದಾಗ ಮಾಲಕರದು. ಬೆಂಚಿನ ಮೇಲಿದ್ದ ಮಾಸ್ತರು ಒಮ್ಮೆ ಕೇಳಿದರು: "ನಿನ್ನ ದನ್ಯಾಗ ಏನಂತೀಯೋ ತಮ್ಮಾ?" ಆ ದನಿಯನ್ನು ನಾನು ಇನ್ನೂ ರೂಢಿಸಿಕೊಂಡಿರಲಿಲ್ಲ.

ಸರ್ ಬರೆಯುತ್ತಿದ್ದ ಪ್ರೋಗ್ರಾಮು ಫೈಲು ಬಿಚ್ಚಬಹುದೇನೋ, ಆದರೆ ಯಾವಾಗ ಎಂದು ಅವರಿಗೇ ಗೊತ್ತಾಗಲಿಲ್ಲ. ಕೊನೆಗೆ ಕನ್ನಡಕ ತೆಗೆದಿಟ್ಟು, "ಹಾಕೋಣ್ರಿ ಅದನ್ನ," ಎಂದರು. ಕಂಪನಿಯ ಪ್ರೋಗ್ರಾಮು ಬಂತು. ಆಟ ನಾಲ್ಕಾರು ಫೈಲುಗಳಲ್ಲಿತ್ತು. ಮೊದಲನೆಯದು ತೆರೆಯಿತು: ಗಣಪತಿ ಸ್ತುತಿ, ಸಾರಥಿಯ ಪ್ರವೇಶ. ಮಾಸ್ತರು ದನಿ ಎತ್ತಿ ಓದಿದರು, ನಾನು ಬರೆದುಕೊಂಡೆ. ಎರಡನೆಯದಕ್ಕೆ ಡ್ರೈವು ಕಾಳಿಲ್ಲದ ಬೀಸುಕಲ್ಲಿನಂತೆ ಗರಗರ ಎಂದಿತು. ಮೂರನೆಯದಕ್ಕೂ ಅಷ್ಟೇ. ಫ್ಲಾಪಿ ಹೊರಗೆ ತೆಗೆದು ಅದರ ತಗಡಿನ ಬಾಯಿ ಸರಿಸಿದೆ. ಒಳಗೆ ಕುಂಕುಮ, ವಿಭೂತಿ, ಎಣ್ಣೆಯ ಜಿಡ್ಡು.

"ಇದಕ್ಕ ಪೂಜಿ ಮಾಡೀರೇನ್ರಿ?"

"ಮಾಡ್ದನ ಹೊರಗ ತರ್ತಾರೇನೋ ಆಟದ ಪುಸ್ತಕಾ? ಸೋಮಾರಕ್ಕೊಮ್ಮೆ ಮಾಡೇ ತಂದೀನಿ."

ನಮ್ಮ ಒಂದೊಂದು ವಾರದ ವಾದಕ್ಕೂ ಅದರೊಳಗೆ ಒಂದೊಂದು ಚಿಟಿಕೆ ಬಿದ್ದಿತ್ತು. ಇಂಥ ಪ್ರೋಗ್ರಾಮುಗಳಿಗೆ ಮುಕ್ತ ತಂತ್ರಾಂಶದಲ್ಲಿ ಜಾಗ ಕೊಡಬೇಕೇ ಎಂಬ ಮಾತು ಈಗ ಬಂದರೂ, ಸರ್ ಹೇಳಿದ್ದು ಸರಿ ಎಂದು ಒಪ್ಪಿ, ಆದರೂ ಕೊಡಿ ಎನ್ನುತ್ತೇನೆ. ಕೀಲಿ ಹಾಕಿದವನು ಬೆಂಚಿನ ಮೇಲೆ ಕಾಯುವುದಿಲ್ಲ.

ಸರ್ ತಲೆ ತಗ್ಗಿಸಿ ಕೂತಿದ್ದರು. ಮಾಸ್ತರು ನನ್ನ ಕಡೆ ತಿರುಗಿದರು. "ರಾಕ್ಷಸನ ಪಾರ್ಟು ನಿನಗ ಬರ್ತೈತಲ್ಲ. ಅಂದು ತೋರ್ಸು."

ನಕ್ಕೆ. ಅವರದೇ ನಗು, ಪಕ್ಕದ ಪಾನ್ ಅಂಗಡಿಯವನು ಇಣುಕಿ ನೋಡುವಷ್ಟು ಜೋರು. ಮಾಸ್ತರು ಕಾದರು.

"ಮುಂದ?"

ಮುಂದಿನದು ನನಗೆ ಬರುತ್ತಿರಲಿಲ್ಲ. ನಾನು ಕಲಿತದ್ದು ನಗುವನ್ನಷ್ಟೇ.

ಅವರು ಫ್ಲಾಪಿಯನ್ನು ಧೋತರದ ಚುಂಗಿನಿಂದ ಒರೆಸಿದರು. ಏನಾದರೂ ಆಡಬೇಕೆಂದು ಮಾಲಕರು ಮೆಲ್ಲಗೆ, "ಅದನ್ನೂ ನೀರಿಗೆ ಬಿಡ್ತೀರೇನ್ರಿ?" ಎಂದರು.

"ಹೊಸಾದು ಆಗಿಲ್ಲಲ್ರಿ," ಎಂದರು ಮಾಸ್ತರು. "ಹ್ಯಾಂಗ ಬಿಡಾಕ ಬರ್ತೈತಿ?" ಫ್ಲಾಪಿಯನ್ನು ಜೇಬಿಗಿಟ್ಟುಕೊಂಡು ಮಸ್ಕಿ ಬಸ್ಸಿಗೆ ಹೋದರು.